ನೀರು ಕುಡಿಯದ ನರ್ಸುಗಳು

ನಮ್ಮ ನರ್ಸಿಂಗ್ ಕಾಲೇಜಿನ ಬೋರ್ಡಿಗೆ ‘ಇಂಟರ್‌ನ್ಯಾಷನಲ್’ ಎನ್ನುವ ಪದ ಸೇರಿದ್ದು ಒಂದು ಬೇಸಿಗೆ ರಜೆಯಲ್ಲಿ. ರಜೆ ಮುಗಿಸಿ ಬಂದರೆ ಗೇಟಿನ ಮೇಲೆ ಪೇಂಟರ್ ಏಣಿ ಹಾಕಿಕೊಂಡು ಬರೆಯುತ್ತಿದ್ದಾನೆ. ಜಾಗ ಸಾಲದೆ ಕೊನೆಯ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ಒಳಗೆ ಹೋದರೆ ಅದೇ ಸೋರುವ ನಲ್ಲಿ, ಅದೇ ಕಾಲು ಮುರಿದ ಬೆಂಚು, ಅದೇ ನಾನು.

ಆ ವರ್ಷಗಳಲ್ಲಿ ಅದೊಂದು ಹುರುಪು. ಉನ್ನತ ಶಿಕ್ಷಣವನ್ನು ಜಗತ್ತಿಗೆ ತೆರೆಯಬೇಕು, ಹೊರದೇಶದ ವಿದ್ಯಾರ್ಥಿಗಳು ಬರಬೇಕು ಎಂದು ದಿಲ್ಲಿಯಲ್ಲಿ ಮಾತಾಡುತ್ತಿದ್ದರು. ಅದು ನಾಗರಭಾವಿಯಿಂದ ಕೆಂಗೇರಿಯವರೆಗಿನ ಕಾಲೇಜು ಮಾಲೀಕರಿಗೆ ಬಲು ಚೆನ್ನಾಗಿ ಕೇಳಿಸಿತು. ವಿಜಯನಗರದ ಬಸ್ ಸ್ಟ್ಯಾಂಡಿನಲ್ಲಿ ಇರಾನಿನವರು, ಸುಡಾನಿನವರು, ನೇಪಾಳದವರು ನಮ್ಮ ಜೊತೆ ಬಸ್ಸಿಗೆ ನುಗ್ಗುವುದು ಮಾಮೂಲಾಗಿತ್ತು. ನಮ್ಮ ಮ್ಯಾನೇಜ್‌ಮೆಂಟಿನವರು ಪೂರ್ವ ಆಫ್ರಿಕಾದ ಒಂದು ದೇಶಕ್ಕೆ ಹೋಗಿ, ಶಿಕ್ಷಣ ಮೇಳದಲ್ಲಿ ಒಂದು ಮೇಜು ಹಾಕಿಕೊಂಡು ಕೂತು, ನಾಲ್ವರು ಹುಡುಗಿಯರನ್ನು ಸೇರಿಸಿಕೊಂಡು ಬಂದರು. ಅತ್ತಿಗುಪ್ಪೆಯಲ್ಲಿ ಒಂದು ಮನೆ ಮಾಡಿಸಿ ಇಟ್ಟರು. ಅಲ್ಲಿಗೆ ನಾವು ಅಂತರರಾಷ್ಟ್ರೀಯ ಆಗಿಬಿಟ್ಟೆವು.

ನಾನು ಕಲಿಸುವುದು ಸಮುದಾಯ ಆರೋಗ್ಯ. ಅಂದರೆ ಆಸ್ಪತ್ರೆಯ ಗೋಡೆ ದಾಟಿ ಮನೆಗಳಿಗೇ ಹೋಗಿ ಬಸುರಿ, ಬಾಣಂತಿ, ಕೂಸು, ಮುದುಕರನ್ನು ನೋಡಿಕೊಳ್ಳುವ ವಿದ್ಯೆ. ನನ್ನ ಬಾಯಿ ಸ್ವಲ್ಪ ಜೋರು, ಕೋಪ ಮೂಗಿನ ತುದಿಯಲ್ಲೇ. ಬಸವೇಶ್ವರನಗರದ ನನ್ನ ಬೀದಿಯಲ್ಲಿ ತರಕಾರಿ ಗಾಡಿಯವನೂ ನನ್ನ ಮುಂದೆ ತೂಕ ಸರಿಯಾಗಿ ಹಾಕುತ್ತಾನೆ. ಆದರೆ ಈ ಕೆಲಸ ನನಗೆ ಬರುತ್ತದೆ. ಅದರಲ್ಲಿ ಸುಳ್ಳು ವಿನಯವಿಲ್ಲ.

ಆ ನಾಲ್ವರು ನನ್ನ ಕೈಗೆ ಬಂದದ್ದು ಕೊನೆಯ ವರ್ಷದಲ್ಲಿ. ಬಂದ ಕೂಡಲೇ ನನಗೆ ಗೊತ್ತಾದದ್ದೇನೆಂದರೆ, ಎರಡನೇ ವರ್ಷದ ಮನೆಭೇಟಿಯಲ್ಲಿ ಅವರನ್ನು ‘ಅಡ್ಜಸ್ಟ್’ ಮಾಡಿದ್ದಾರೆ. ನಮ್ಮ ಕನ್ನಡದ ಹುಡುಗಿಯರು ಮಾತಾಡುವುದು, ಇವರು ಬ್ಯಾಗು ಹಿಡಿದು ಹಿಂದೆ ನಿಲ್ಲುವುದು. ಬರೆಯುವಾಗ ಎಲ್ಲರದೂ ಒಂದೇ ವರದಿ. ಅದೇ ಹೊತ್ತಿಗೆ ಅವರ ದೇಶದ ನರ್ಸಿಂಗ್ ಮಂಡಳಿಯಿಂದ ಪ್ರಿನ್ಸಿಪಾಲರಿಗೆ ತಿಳಿವಳಿಕೆ ಪತ್ರ ಬಂತು: ಹೊರದೇಶದಲ್ಲಿ ಓದಿದವರ ಪದವಿಗೆ ಮಾನ್ಯತೆ ಬೇಕೆಂದರೆ ವಿದ್ಯಾರ್ಥಿನಿಯೇ ಸ್ವತಃ ಕುಟುಂಬಗಳ ಆರೈಕೆ ಮಾಡಿರಬೇಕು, ದುಭಾಷಿಯ ಮೂಲಕ ಅಲ್ಲ. ವರ್ಷ ಮುಗಿಯುವುದರೊಳಗೆ ಮಂಡಳಿಯ ಪರಿವೀಕ್ಷಕಿ ಬಂದು ಒಂದು ಮನೆಭೇಟಿಯನ್ನು ಕಣ್ಣಾರೆ ನೋಡುತ್ತಾರೆ. ತೃಪ್ತಿಯಾಗದಿದ್ದರೆ ಈ ಪದವಿ ಅಲ್ಲಿ ಲೆಕ್ಕಕ್ಕಿಲ್ಲ.

ನಾಲ್ವರಲ್ಲಿ ಹಿರಿಯವಳು ಒಬ್ಬಳಿದ್ದಳು. ಎತ್ತರದ ಆಳು, ಮಾತು ಕಮ್ಮಿ. ತನ್ನೂರಿನ ಗುಡ್ಡದ ಮೇಲಿನ ಆರೋಗ್ಯ ಕೇಂದ್ರದಲ್ಲಿ ಸಹಾಯಕಿಯಾಗಿ ದುಡಿದು, ರಜೆ ಹಾಕಿ, ಮನೆಯವರ ಒಂದಿಷ್ಟು ಜಮೀನು ಮಾರಿಸಿ ಓದಲು ಬಂದವಳು. ಪದವಿ ನಡೆದರೆ ಅದೇ ಕೇಂದ್ರವನ್ನು ನಡೆಸುವ ನರ್ಸ್ ಹುದ್ದೆ ಅವಳದು. ನಡೆಯದಿದ್ದರೆ ವಾಪಸ್ ಹೋಗಿ ಅದೇ ನೆಲ ಒರೆಸುವುದು, ಅದೇ ಬೆಡ್‌ಪ್ಯಾನ್ ತೊಳೆಯುವುದು. ಸುದ್ದಿ ತಿಳಿದ ದಿನ ಅವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ‘ಮೇಡಂ, ನನಗೆ ಮನೆ ಕೊಡಿ. ನನ್ನದೇ ಮನೆ’ ಎಂದಳು. ಬಾಡಿಗೆ ಮನೆಯಲ್ಲ, ಆರೈಕೆಗೆ ಮನೆ.

ನಾನು ಮಲ್ಲತ್ತಹಳ್ಳಿಯ ಒಂದು ಬೀದಿಯನ್ನು ಆರಿಸಿಕೊಂಡೆ. ಆಗ ಅದು ಪೂರಾ ಊರೂ ಅಲ್ಲ, ಪೂರಾ ಲೇಔಟೂ ಅಲ್ಲ. ಕೆರೆಯ ಕಡೆಗೆ ಹಳೇ ಹೆಂಚಿನ ಮನೆಗಳು, ಅವುಗಳ ಬೆನ್ನಿಗೇ ಸೈಟು, ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಬಿಜಾಪುರದವರ ಶೆಡ್ಡುಗಳು. ನಾಲ್ವರಿಗೂ ಬೇರೆ ಬೇರೆ ಮನೆ ಹಂಚಿದೆ. ಹಿರಿಯವಳಿಗೆ ಸಿಕ್ಕ ಮುಖ್ಯ ಮನೆಯಲ್ಲಿ ಒಬ್ಬ ಅಜ್ಜಿ, ಅವಳ ಮಗಳು, ಆ ಮಗಳ ಕೈಗೂಸು. ಅಳಿಯ ಲಾರಿ ಡ್ರೈವರ್, ಊರ ಮೇಲೆ ಇರುವವನು. ಹಾಗಾಗಿ ಬಾಣಂತನ ಮುಗಿದರೂ ಮಗಳು ತವರಲ್ಲೇ ಉಳಿದಿದ್ದಳು. ಕೂಸು ಸೊರಗಿತ್ತು. ಬಾಟಲಿಯಲ್ಲಿ ನೀರು ಬೆರೆಸಿದ ಹಾಲು ಹಾಕುತ್ತಿದ್ದಾರೆ ಎಂದು ಮೊದಲ ನೋಟಕ್ಕೇ ತಿಳಿಯುತ್ತಿತ್ತು.

ಮೊದಲು ಕನ್ನಡ. ಕಾಲೇಜಿನಲ್ಲಿ ಹೊರಗಿನವರಿಗೆಂದು ಕಲಿಸುತ್ತಿದ್ದ ಪುಸ್ತಕದಲ್ಲಿ ‘ತಾವು ಕ್ಷೇಮವೇ?’, ‘ಅಂಚೆ ಕಚೇರಿ ಎಲ್ಲಿದೆ?’ ಎಂದೆಲ್ಲ ಇತ್ತು. ಮಲ್ಲತ್ತಹಳ್ಳಿಯಲ್ಲಿ ಬಾಣಂತಿಯನ್ನು ‘ತಾವು ಕ್ಷೇಮವೇ’ ಎಂದು ಕೇಳಿದರೆ ಅವಳು ನಾಟಕದವರು ಬಂದರು ಅಂದುಕೊಳ್ಳುತ್ತಾಳೆ. ಪುಸ್ತಕ ಬದಿಗಿಟ್ಟು ನಾಲ್ವರನ್ನೂ ವಿಜಯನಗರದ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಚೌಕಾಸಿಗೆ ಬಿಟ್ಟೆ. ‘ಹಾಲು ಕುಡೀತಾ?’, ‘ಎಷ್ಟ್ ಸಲ ಭೇದಿ ಆಯ್ತು?’, ‘ತೋರ್ಸಿ ನೋಡೋಣ’ ಇಂಥವನ್ನು ಬಸ್ಸಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಿಸಿದೆ. ಪಕ್ಕದ ಸೀಟಿನವರು ಗಾಬರಿಯಾಗಿ ನೋಡುತ್ತಿದ್ದರು. ನೋಡಲಿ ಬಿಡಿ.

ಆಮೇಲೆ ಬ್ಯಾಗು. ಮನೆಭೇಟಿಯ ಬ್ಯಾಗಿಗೆ ಅದರದೇ ಆದ ಮಡಿ ಇದೆ. ಅದನ್ನು ನೆಲದ ಮೇಲೆ ಇಡುವಂತಿಲ್ಲ; ಮೊದಲು ಹಳೇ ಪೇಪರ್ ಹಾಸಬೇಕು, ಅದರ ಮೇಲೆ ಬ್ಯಾಗು. ಮೇಲಿನ ಜೇಬಿನಿಂದ ಸೋಪು, ಟವೆಲು ಮಾತ್ರ ತೆಗೆದು ಕೈ ತೊಳೆದ ಮೇಲೆಯೇ ಒಳಗಿನ ಸಾಮಾನಿಗೆ ಕೈ ಹಾಕಬೇಕು. ಕೆಲಸ ಮುಗಿದ ಮೇಲೆ ಮತ್ತೆ ಕೈ ತೊಳೆದು, ಪೇಪರನ್ನು ಕೊಳೆಯಾದ ಬದಿ ಒಳಕ್ಕೆ ಮಡಚಬೇಕು. ಇದೆಲ್ಲ ಇರುವ ನಮ್ಮ ಕಾಲೇಜಿನ ಕೈಪಿಡಿಯ ಕೊನೆಯಲ್ಲಿ ಒಂದು ನಿಯಮ: ಕುಟುಂಬದವರಿಂದ ಆಹಾರ, ಪಾನೀಯ, ಉಡುಗೊರೆ ಯಾವುದನ್ನೂ ಸ್ವೀಕರಿಸತಕ್ಕದ್ದಲ್ಲ. ಎಲ್ಲ ವಿದ್ಯಾರ್ಥಿಗಳಿಗೂ ಹೇಳುವ ಹಾಗೆ ಇವರಿಗೂ ಅದನ್ನು ಗಟ್ಟಿಯಾಗಿ ಹೇಳಿದೆ.

ಮೊದಲ ಕೆಲವು ಭೇಟಿ ಸುಸೂತ್ರ ನಡೆದವು. ಹಿರಿಯವಳ ಕೈ ನೋಡಬೇಕಿತ್ತು. ಕೂಸನ್ನು ಎತ್ತಿಕೊಳ್ಳುವಾಗ ಅದಕ್ಕೆ ಎತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ನಾನು ಬೀದಿಯ ತುದಿಯಲ್ಲಿ ನಿಂತು, ಆಯಿತು, ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಬಾಗಿಲುಗಳು ಮುಚ್ಚತೊಡಗಿದವು. ಒಂದು ಮನೆಯಲ್ಲಿ ‘ಕೂಸ್ ಮಲ್ಕೊಂಡದೆ.’ ಇನ್ನೊಂದರಲ್ಲಿ ‘ನಾವ್ ಊರಿಗೋಯ್ತಾ ಇದೀವಿ.’ ಅಜ್ಜಿಯಂತೂ ಜಗಲಿಯ ಮೇಲೆ ಕಾಲು ಚಾಚಿ ಕೂತು, ಹುಡುಗಿಯ ಮುಖ ನೋಡಿಯೇ ‘ಮನೇಲ್ ಯಾರೂ ಇಲ್ಲ’ ಎಂದುಬಿಟ್ಟಳು! ಹಿರಿಯವಳು ಅಲ್ಲೇ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದಳು. ನಾಲ್ವರಿಗೂ ಇದೇ ಕತೆ.

ನನ್ನ ಪಿತ್ತ ನೆತ್ತಿಗೇರಿತು. ಬೀದಿಯ ಹುಡುಗರು ಅವರ ಕೂದಲು ನೋಡಿ ಕೂಗುವುದನ್ನು ನಾನೇ ಕೇಳಿದ್ದೆ, ಇಬ್ಬರಿಗೆ ಕಿವಿ ಹಿಂಡಿಯೂ ಇದ್ದೆ. ಇದೂ ಅದೇ, ಬಣ್ಣ ನೋಡಿ ಬಾಗಿಲು ಹಾಕುತ್ತಿದ್ದಾರೆ ಎಂದು ತೀರ್ಮಾನಿಸಿ ಸೀದಾ ಅಜ್ಜಿಯ ಮನೆಗೆ ನುಗ್ಗಿದೆ.

‘ಅಲ್ಲ ಅಜ್ಜಿ, ಆ ಹುಡುಗಿ ಕಪ್ಪಗಿದಾಳೆ ಅಂತ ತಾನೆ ಒಳಗೆ ಬಿಡ್ತಾ ಇಲ್ಲ? ನಾಚಿಕೆ ಆಗಲ್ವಾ ನಿಮ್ಗೆ? ನಿಮ್ ಮೊಮ್ಮಗೂಗೋಸ್ಕರ ಸಮುದ್ರ ದಾಟಿ ಬಂದಿದಾಳೆ!’

ಅಜ್ಜಿ ಎಲೆ ಅಡಿಕೆ ಉಗುಳಿ ಬಂದು ಸೊಂಟಕ್ಕೆ ಕೈಯಿಟ್ಟಳು.

‘ಕಪ್ಪಾ? ನಮ್ ಬಣ್ಣ ಏನ್ ಬೆಣ್ಣೆನಾ ಟೀಚರಮ್ಮಾ? ಕೇಳಿ ಇಲ್ಲಿ. ಬಿಸ್ಲಲ್ಲಿ ಬಂದವ್ಳೆ ಅಂತ ನೀರ್ ಕೊಟ್ಟೆ. ಮುಟ್ಲಿಲ್ಲ. ಮಜ್ಗೆ ಕೊಟ್ಟೆ. ಕೈ ಮುಗುದ್ಲು, ಕುಡೀನಿಲ್ಲ. ಬಾಳೆಹಣ್ ಕೊಟ್ಟೆ, ಸುಲ್ಕೊಂಡ್ ತಿನ್ನೋ ಹಣ್ಗೆ ಯಾವ್ ಮೈಲ್ಗೆನಮ್ಮಾ? ಅದ್ನೂ ಒಲ್ಲೆ ಅಂದ್ಲು. ಆಮೇಕೆ ನಮ್ ಕೂಸ್ ಮುಟ್ಟಿ, ನಮ್ಮನೇಲೇ ಸೋಪ್ ಹಾಕಿ ಉಜ್ಜಿ ಉಜ್ಜಿ ಕೈ ತೊಳ್ಕೊಂಡ್ಲು. ಈ ಊರ್ನಲ್ಲಿ ನಮ್ ಕೈ ನೀರ್ ಕುಡೀದೇ ಇರೋರ್ನ ಚಿಕ್ ವಯ್ಸಿಂದ ನೋಡಿವ್ನಿ ನಾನು. ಅವ್ರು ಮೇಲಿಂದ ಬೊಗಸೆಗೆ ನೀರ್ ಹುಯ್ಯೋರು. ಅದು ಸಾಲ್ದು ಅಂತ ಈಗ ದೇಶಾಂತರದಿಂದ ಬಂದ್ ಇವಳೂ ನಮ್ಮನೆ ನೀರ್ ಬ್ಯಾಡ ಅಂದ್ರೆ, ಯಾಕಮ್ಮಾ ಬಾಗ್ಲು ತೆಗೀಬೇಕು?’

ಅಜ್ಜಿಯ ಕಣ್ಣಲ್ಲಿ ನೀರಿತ್ತು, ಕೋಪದ ನೀರು. ‘ತಪ್ಪು ತಿಳ್ಕೋಬೇಡಿ, ಸರಿ ಮಾಡ್ತೀನಿ’ ಎಂದಷ್ಟೇ ಹೇಳಿ ಬಂದೆ.

ಆಗಿದ್ದಿಷ್ಟು. ಆ ನಿಯಮವನ್ನು ನಮ್ಮ ಹುಡುಗಿಯರು ಎಂದೂ ಪಾಲಿಸಿದವರಲ್ಲ. ‘ಬೇಡ ಆಂಟಿ, ಬೇಡ ಆಂಟಿ’ ಎನ್ನುತ್ತಲೇ ಲೋಟ ಖಾಲಿ ಮಾಡಿ, ತುಟಿ ಒರೆಸಿಕೊಂಡು ಬಂದು, ‘ಏನೂ ತಗೊಂಡಿಲ್ಲ ಮೇಡಂ’ ಎನ್ನುವ ಜಾಣೆಯರು. ನಮಗೂ ಗೊತ್ತು, ಅವರಿಗೂ ಗೊತ್ತು. ನಿಯಮ ಹೇಳುವುದು ಒಂದು ಶಾಸ್ತ್ರ, ಮುರಿಯುವುದು ಇನ್ನೊಂದು ಶಾಸ್ತ್ರ. ಹೊರಗಿನಿಂದ ಬಂದವರಿಗೆ ಈ ಎರಡನೆಯದನ್ನು ಹೇಳಿಕೊಡುವವರು ಯಾರು? ಅವರು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು.

ಹಿರಿಯವಳನ್ನು ಕರೆದು ಕೇಳಿದೆ. ‘ನಮ್ಮೂರಲ್ಲೂ ಕೊಟ್ಟ ನೀರು ಬೇಡ ಅಂದ್ರೆ ದೊಡ್ಡ ಅವಮಾನ ಮೇಡಂ’ ಎಂದಳು. ‘ಮತ್ತೆ ಯಾಕೆ ಬೇಡ ಅಂದೆ?’ ‘ನೀವು ರೂಲ್ ಅಂದ್ರಿ. ಇಂಡಿಯಾದಲ್ಲಿ ಬೇರೆ ಅಂದ್ಕೊಂಡೆ.’

ಅವತ್ತೇ ಕೈಪಿಡಿಯ ಆ ನಿಯಮಕ್ಕೆ ಅಡ್ಡಗೆರೆ ಎಳೆದೆ. ಹಾಗಂತ ಸುಮ್ಮನೆ ಎಳೆದುಬಿಡುವ ಹಾಗಿಲ್ಲ. ಆ ನಿಯಮ ಇದ್ದದ್ದಕ್ಕೂ ಕಾರಣವಿದೆ. ಟ್ಯಾಂಕರ್ ನೀರು ಕುಡಿದು ನನ್ನ ಹುಡುಗಿಯರೇ ಟೈಫಾಯ್ಡ್ ಹಿಡಿಸಿಕೊಂಡರೆ? ಅದಕ್ಕೆ ಹೊಸ ಕ್ರಮ ಬರೆದೆ. ಮನೆಗೆ ಹೋದ ಕೂಡಲೇ ಪೇಪರ್ ಹಾಸಬಾರದು. ಮೊದಲು ಕೂರಬೇಕು. ‘ಅಜ್ಜಿ, ಕಾಯ್ಸಾರ್ಸಿದ ನೀರಿದ್ರೆ ಕೊಡಿ’ ಎಂದು ತಾವಾಗಿಯೇ ಕೇಳಿ ಕುಡಿಯಬೇಕು. ಆಮೇಲೆ ಪೇಪರು, ಬ್ಯಾಗು. ಕೈ ತೊಳೆಯುವಾಗ ಮನೆಯವರಿಂದಲೇ ಚೊಂಬಿನಲ್ಲಿ ನೀರು ಹಾಕಿಸಿಕೊಳ್ಳಬೇಕು. ಹರಿಯುವ ನೀರಿನಲ್ಲಿ ಕೈ ತೊಳೆದ ಹಾಗೂ ಆಯಿತು, ಬಂದವರ ಕೈಗೆ ನೀರು ಹಾಕಿದ ಗೌರವ ಅವರಿಗೂ ಸಿಕ್ಕಿತು. ಮುಗಿಸಿ ತೊಳೆಯುವಾಗ ‘ಇನ್ನೊಂದ್ ಮನೇಲೂ ಕೂಸಿದೆ, ಅದಕ್ಕೇ ತೊಳ್ಕೊಳ್ತೀನಿ’ ಎಂದು ಬಾಯಿಬಿಟ್ಟು ಹೇಳಬೇಕು. ಇದರಿಂದ ನಾನು ಎಣಿಸದ ಒಂದು ಲಾಭವೂ ಆಯಿತು. ಕಾಯಿಸಿದ ನೀರು ಕೇಳುವವರು ಬರುತ್ತಾರೆಂದು ಕೆಲವು ಮನೆಗಳಲ್ಲಿ ಬೆಳಿಗ್ಗೆಯೇ ನೀರು ಕಾಯಿಸಿಡುವುದು ಶುರುವಾಯಿತು. ನನ್ನ ಎಷ್ಟೋ ಚಾರ್ಟು, ಭಾಷಣಗಳಿಂದ ಆಗದ ಕೆಲಸ ಅದು.

ಪ್ರಿನ್ಸಿಪಾಲರು ಹೌಹಾರಿದರು. ಕೆಟ್ಟ ಮನುಷ್ಯರಲ್ಲ, ಆದರೆ ಮ್ಯಾನೇಜ್‌ಮೆಂಟ್ ಎಂದರೆ ನಡುಕ. ‘ಏನ್ ಮೇಡಂ ನೀವು, ಇನ್‌ಸ್ಪೆಕ್ಷನ್ ಬರ್ತಾ ಇದೆ, ಈಗ ರೂಲ್ ಚೇಂಜ್ ಮಾಡ್ತೀರಾ?’ ಎಂದರು. ‘ಸಾರ್, ಬಾಗಿಲೇ ತೆಗೀದಿದ್ರೆ ರೂಲ್ ತಗೊಂಡು ಉಪ್ಪಿನಕಾಯಿ ಹಾಕೋಣ್ವಾ?’ ಎಂದೆ. ಕೈಬೀಸಿ ನನ್ನನ್ನು ಹೊರಗೆ ಕಳಿಸಿದರು.

ಅಜ್ಜಿ ಮಾತ್ರ ಸುಲಭಕ್ಕೆ ಜಗ್ಗುವ ಪೈಕಿ ಅಲ್ಲ. ಮರುವಾರ ಹಿರಿಯವಳು ಹೋಗಿ ಜಗಲಿಯ ಮೇಲೆ ಕೂತು ನೀರು ಕೇಳಿದಾಗ, ಅಜ್ಜಿ ಬೇಕೆಂದೇ ಒಂದು ದೊಡ್ಡ ಲೋಟ ರಾಗಿ ಅಂಬಲಿ ತಂದು ಮುಂದಿಟ್ಟಳು. ನಾನು ಜೊತೆಗಿದ್ದೆ. ಹುಳಿ ಬಂದ ಅಂಬಲಿ, ಮೇಲೆ ಈರುಳ್ಳಿ ಚೂರು. ನಮ್ಮ ಬಸವೇಶ್ವರನಗರದ ಮಕ್ಕಳೇ ಮೂಗು ಮುರಿಯುತ್ತವೆ. ಹುಡುಗಿ ಒಂದು ಗುಟುಕು ಕುಡಿದಳು, ಲೋಟವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು, ಆಮೇಲೆ ಒಂದೇ ಉಸಿರಿಗೆ ಕುಡಿದು ಲೋಟ ಮುಂದೆ ಚಾಚಿದಳು. ಅವರ ಗುಡ್ಡದಲ್ಲೂ ರಾಗಿ ಬೆಳೆಯುತ್ತಾರಂತೆ, ಅವರಮ್ಮನೂ ಇದನ್ನೇ ಕಾಯಿಸುತ್ತಾಳಂತೆ. ಅಷ್ಟಕ್ಕೆ ಬಿಡದೆ, ‘ನಮ್ಮಮ್ಮ ಇನ್ನೂ ಒಂದ್ ದಿನ ಹುಳಿ ಬಿಡ್ತಾರೆ ಅಜ್ಜಿ. ಇದು ಸ್ವಲ್ಪ ಸಪ್ಪೆ’ ಎಂದಳು.

ಅಜ್ಜಿ ನನ್ನ ಕಡೆ ತಿರುಗಿದಳು. ‘ನೋಡ್ದಾ ಟೀಚರಮ್ಮಾ! ನಂಗೇ ಅಂಬ್ಲಿ ಕಾಯ್ಸದ್ ಹೇಳ್ಕೊಡಾಕ್ ಬಂದ್ಲು!’ ಹೇಳುತ್ತಲೇ ಇನ್ನೊಂದು ಲೋಟ ಸುರಿದಳು. ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಬಾಗಿಲು ತೆರೆಯಿತು, ಆದರೆ ಕೂಸಿನ ತೂಕ ಹಾಕಲು ಅಜ್ಜಿ ಬಿಡಲಿಲ್ಲ. ನಮ್ಮದು ಕೊಕ್ಕೆಗೆ ನೇತುಹಾಕುವ ತಕ್ಕಡಿ. ಜೋಲಿಯಲ್ಲಿ ಕೂಸನ್ನಿಟ್ಟು ಮುಳ್ಳು ನೋಡಬೇಕು. ‘ತರಕಾರಿ ತೂಗ್ದಂಗೆ ಕೂಸ್ನ ತೂಗ್ತಾರಾ? ದೃಷ್ಟಿ ಆಗ್ತದೆ’ ಎಂದು ಅಜ್ಜಿ ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ತೂಕವಿಲ್ಲದೆ ಚಾರ್ಟಿನಲ್ಲಿ ಬೆಳವಣಿಗೆಯ ಗೆರೆ ಎಳೆಯುವುದು ಹೇಗೆ? ನಾನು ವಾದಕ್ಕಿಳಿಯುವವಳಿದ್ದೆ, ಹಿರಿಯವಳು ಕಣ್ಣಲ್ಲೇ ಬೇಡ ಎಂದಳು. ಮುಂದಿನ ಸಲ ಬರುವಾಗ ಕಾಲೇಜಿನ ದೊಡ್ಡವರ ತೂಕದ ಮಷೀನನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ‘ಕೂಸ್ನ ತೂಗಲ್ಲ ಅಜ್ಜಿ, ನನ್ನೇ ತೂಗ್ಕೊಳ್ತೀನಿ’ ಎಂದು ಮೇಲೆ ಹತ್ತಿ ನಿಂತಳು. ಆಮೇಲೆ ಒಂದು ದುಪ್ಪಟ್ಟಾದಲ್ಲಿ ಕೂಸನ್ನು ತಮ್ಮೂರಿನ ರೀತಿ ಬೆನ್ನಿಗೆ ಕಟ್ಟಿಕೊಂಡು ಇನ್ನೊಮ್ಮೆ ಹತ್ತಿದಳು. ಎರಡರ ವ್ಯತ್ಯಾಸವೇ ಕೂಸಿನ ತೂಕ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕರಾರುವಾಕ್ಕಾದ ಲೆಕ್ಕವಲ್ಲ, ಆದರೆ ಕೂಸಿನ ತೂಕ ಚಾರ್ಟಿನ ಕೆಳಗಿನ ಗೆರೆಗಿಂತಲೂ ಕೆಳಗಿದೆ ಎಂದು ಗೊತ್ತಾಗಲು ಅಷ್ಟು ಸಾಕಾಗಿತ್ತು. ಬೆನ್ನ ಮೇಲೆ ಕೂಸು ಅಳು ನಿಲ್ಲಿಸಿ ನಿದ್ದೆ ಮಾಡಿದ್ದು ಕಂಡು ಅಜ್ಜಿಯ ಮಗಳು, ‘ಅಕ್ಕಾ, ನಂಗೂ ಹಂಗೆ ಕಟ್ಟದ್ ಹೇಳ್ಕೊಡಿ’ ಎಂದಳು.

ಅಲ್ಲಿಂದ ಕೆಲಸ ಓಡಿತು. ಬಾಟಲಿಯನ್ನು ಬಿಡಿಸಿ ಲೋಟ, ಚಮಚಕ್ಕೆ ತಂದದ್ದು, ತಾಯಿಗೆ ಊಟ ಹೆಚ್ಚಿಸಿದ್ದು, ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ಮೊಳಕೆ ಬರಿಸಿದ ರಾಗಿಯ ಸರಿ ಮಾಡಿಸಿದ್ದು, ಎಲ್ಲವನ್ನೂ ಅವಳೇ ತನ್ನ ಮುರುಕು ಕನ್ನಡದಲ್ಲಿ ಮಾಡಿಸಿದಳು. ಸರಿಯ ವಿಷಯಕ್ಕೆ ಅಜ್ಜಿಗೂ ಅವಳಿಗೂ ಜಗಳ. ಬೆಲ್ಲ ಹಾಕಬೇಕು ಎಂದು ಹುಡುಗಿ, ಕಫ ಆಗುತ್ತದೆ ಎಂದು ಅಜ್ಜಿ. ಎಣ್ಣೆ ಒಂದು ಚಮಚ ಹಾಕುವುದಕ್ಕೆ ಕೊನೆಗೆ ರಾಜಿಯಾಯಿತು. ಉಳಿದ ಮೂವರೂ ತಮ್ಮ ತಮ್ಮ ಮನೆಗಳಲ್ಲಿ ಹೀಗೇ ನೆಲೆಯೂರಿದರು. ಕೆಲವು ಭೇಟಿಗಳಾದ ಮೇಲೆ ಅಜ್ಜಿಯೇ, ‘ಆ ಜೋಲೀಲೇ ಹಾಕ್ ನೋಡೇ, ಈ ಮಷೀನ್ನಲ್ಲಿ ನಿನ್ ತೂಕನೇ ಜಾಸ್ತಿ ತೋರ್ಸ್ತದೆ’ ಎಂದಳು. ಕೂಸಿನ ಗೆರೆ ಮೆಲ್ಲಗೆ ಮೇಲೇರುತ್ತಿತ್ತು.

ಪರಿವೀಕ್ಷಕಿ ಬರುವ ದಿನ ಗೊತ್ತಾದಾಗ ನಮ್ಮ ಕಾಲೇಜಿನಲ್ಲಿ ಮಾಮೂಲಿ ಜಾತ್ರೆ ಶುರುವಾಯಿತು. ನಮ್ಮಲ್ಲಿ ಇನ್‌ಸ್ಪೆಕ್ಷನ್ ಎಂದರೆ ಮದುವೆಮನೆ. ಬೇರೆ ಕಡೆಯಿಂದ ಮೈಕ್ರೋಸ್ಕೋಪು ಬರುತ್ತವೆ, ಲೈಬ್ರರಿಗೆ ಪುಸ್ತಕ ಬರುತ್ತವೆ, ಮುಖವೇ ನೋಡಿರದ ಟ್ಯೂಟರುಗಳು ಸಹಿ ಹಾಕಲು ಬರುತ್ತಾರೆ, ಸಂಜೆಗೆ ಎಲ್ಲವೂ ವಾಪಸ್. ಪ್ರಿನ್ಸಿಪಾಲರು ನನ್ನನ್ನು ಕರೆದು ಬಲು ಗುಟ್ಟಾಗಿ ಹೇಳಿದರು.

‘ಮೇಡಂ, ಮನೆಭೇಟಿಗೆ ಒಂದು ಒಳ್ಳೇ ಮನೆ ಅರೇಂಜ್ ಮಾಡಿದೀನಿ. ರಾಜಾಜಿನಗರದಲ್ಲಿ, ನಮ್ ಮಿಸೆಸ್ ಕಡೆಯವ್ರು. ಇಂಗ್ಲಿಷ್ ಮಾತಾಡ್ತಾರೆ. ಮಾರ್ಬಲ್ ಫ್ಲೋರು. ಮಗು ಕೂಡ ದುಂಡಗೆ ಚೆನ್ನಾಗಿದೆ.’

‘ಸಾರ್, ಆ ಮಗುಗೆ ಏನು ಆರೈಕೆ ತೋರಿಸೋದು? ಅದಕ್ಕೇನು ಕಾಯಿಲೆ?’

‘ಯಾವ್ದೂ ಇಲ್ಲ. ಅದೇ ಅಲ್ವಾ ಬೇಕಾಗಿರೋದು? ಮಲ್ಲತ್ತಹಳ್ಳೀಲಿ ಒಳಚರಂಡಿಗೆ ಅಂತ ರೋಡೆಲ್ಲಾ ಅಗೆದಿದಾರೆ. ಆ ಮುದುಕಿ ಬಾಯಿ ಬೇರೆ. ಏನಾದ್ರೂ ಒಂದು ಅಂದ್ರೆ ನಾಲ್ಕು ಹುಡುಗೀರ ಲೈಫ್ ಹೋಗುತ್ತೆ ಮೇಡಂ.’

ಕೊನೆಯ ಮಾತು ಸುಳ್ಳಾಗಿರಲಿಲ್ಲ. ನನಗೆ ಅಜ್ಜಿಯ ಮನೆಯೇ ಸರಿ ಎಂದು ಗೊತ್ತಿತ್ತು. ಆದರೆ ಹೋಗುವುದು ನನ್ನ ಪದವಿಯಲ್ಲ. ನಾಲ್ವರ ಪರವಾಗಿ ಭೇಟಿ ತೋರಿಸಬೇಕಾಗಿದ್ದ ಹಿರಿಯವಳನ್ನು ಕರೆದು ಎರಡನ್ನೂ ಮುಚ್ಚುಮರೆಯಿಲ್ಲದೆ ಮುಂದಿಟ್ಟೆ. ಆ ಮನೆಯಲ್ಲಿ ಎಡವಟ್ಟು ಆಗುವುದಿಲ್ಲ, ಈ ಮನೆಯಲ್ಲಿ ಏನು ಬೇಕಾದರೂ ಆಗಬಹುದು, ನೀನೇ ಹೇಳು ಎಂದೆ. ‘ಮೇಡಂ, ನೋಡೋಕೆ ಬರೋರು ನಮ್ಮ ದೇಶದವರು. ಬಾಡಿಗೆ ಮಗು ನೋಡಿದ್ರೆ ಗೊತ್ತಾಗುತ್ತೆ’ ಎಂದಳು. ಆಮೇಲೆ, ‘ನಾನು ಕೆಲಸ ಮಾಡಿದ್ದು ಅಜ್ಜಿ ಮನೇಲಿ’ ಎಂದಳು.

ನಾನು ಪ್ರಿನ್ಸಿಪಾಲರ ಬಳಿ ಹೋಗಿ, ‘ಮಲ್ಲತ್ತಹಳ್ಳಿಗೇ ಹೋಗೋದು ಸಾರ್. ಆಗಲ್ಲ ಅಂದ್ರೆ ರಾಜಾಜಿನಗರದಲ್ಲಿ ನೀವೇ ತೋರಿಸ್ಕೊಳ್ಳಿ, ನಾನು ಬರಲ್ಲ’ ಎಂದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

ಪರಿವೀಕ್ಷಕಿ ಅರವತ್ತರ ಹತ್ತಿರದ ಹೆಂಗಸು. ಬಿಳಿಗೂದಲು, ನೇರ ಬೆನ್ನು, ನಗುವಿಲ್ಲದ ಮುಖ. ಹಾರ, ಶಾಲು, ಕಂಪ್ಯೂಟರ್ ಲ್ಯಾಬ್ ಯಾವುದರ ಮುಂದೆಯೂ ನಿಲ್ಲಲಿಲ್ಲ. ‘ಮನೆ ಎಲ್ಲಿದೆ?’ ಎಂದರು ಇಂಗ್ಲಿಷಿನಲ್ಲಿ. ಕಾರು ಬೀದಿಯ ಬಾಯಿಗೇ ನಿಂತಿತು. ಮುಂದಕ್ಕೆ ಅಗೆದ ಕಾಲುವೆ, ಅದರ ಮೇಲೆ ಹಲಗೆ. ಪ್ರಿನ್ಸಿಪಾಲರು ನನ್ನನ್ನು ಸುಡುವ ಹಾಗೆ ನೋಡಿದರು. ಆಕೆ ಬೂಟು ಕೆಸರಾಗುವುದನ್ನೂ ಲೆಕ್ಕಿಸದೆ ಹಲಗೆ ದಾಟಿದರು.

ಹಿರಿಯವಳು ಒಬ್ಬಳೇ ಮುಂದೆ ಹೋಗಿ ಕೂತಳು. ಅಜ್ಜಿ ಅಂಬಲಿ ಕೊಟ್ಟಳು. ಹುಡುಗಿ ಕುಡಿದಳು. ಪರಿವೀಕ್ಷಕಿಯ ಪೆನ್ನು ಓಡಿತು.

‘ನಿಮ್ಮ ಕೈಪಿಡಿಯಲ್ಲಿ ಇದನ್ನು ನಿಷೇಧಿಸಿದೆ ಅಲ್ಲವೇ?’ ಎಂದು ನನ್ನನ್ನು ಕೇಳಿದರು.

‘ನಿಷೇಧಿಸಿತ್ತು. ನಾನು ತೆಗೆದುಹಾಕಿದೆ.’

‘ಯಾಕೆ?’

‘ಅದಿರುವವರೆಗೆ ಈ ಬಾಗಿಲು ತೆರೆಯಲಿಲ್ಲ’ ಎಂದೆ. ಅವರು ಅದನ್ನೂ ಬರೆದುಕೊಂಡರು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

ಪೇಪರು ಹಾಸಿದ್ದಾಯಿತು, ಬ್ಯಾಗು ಕೂತಿತು, ಅಜ್ಜಿಯ ಮಗಳು ಚೊಂಬಿನಿಂದ ಕೈಗೆ ನೀರು ಹಾಕಿದಳು. ಕೂಸಿನ ತೂಕ, ಕಣ್ಣು, ನಾಲಿಗೆ, ಹೊಟ್ಟೆ ಒಂದೊಂದಾಗಿ ನೋಡುತ್ತಾ ಹುಡುಗಿ ಕನ್ನಡದಲ್ಲಿ ಮಾತಾಡುತ್ತಲೇ ಇದ್ದಳು. ನನಗೆ ಅಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ. ಇಷ್ಟು ಹೊತ್ತೂ ಅಜ್ಜಿ ಕೂಸನ್ನು ನೋಡುತ್ತಿರಲಿಲ್ಲ. ಪರಿವೀಕ್ಷಕಿಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು. ಒಳಗೆ ಹೋಗಿ ಇನ್ನೊಂದು ಲೋಟ ಅಂಬಲಿ ತಂದು ಆಕೆಯ ಕೈಗೇ ಕೊಟ್ಟಳು.

‘ನೀವು ಇವಳ ತಾಯೇನಮ್ಮಾ? ಅದೇ ಎತ್ರ, ಅದೇ ಹಣೆ. ಕರ್ಕೊಂಡ್ ಹೋಗಾಕ್ ಬಂದ್ರಾ?’

ಪ್ರಿನ್ಸಿಪಾಲರು ‘ಅಯ್ಯೋ ದೇವರೇ’ ಎಂದರು. ನಾನು ತಿದ್ದಲು ಬಾಯಿ ತೆರೆದೆ. ಪರಿವೀಕ್ಷಕಿ ನನಗೆ ಕೈಯಡ್ಡ ಹಿಡಿದು, ಹುಡುಗಿಯನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಹುಡುಗಿ ತಲೆ ತಗ್ಗಿಸಿ ಉತ್ತರ ಹೇಳಿದಳು. ಅಜ್ಜಿಗೆ ಇದರಿಂದ ಇನ್ನಷ್ಟು ಹುರುಪು ಬಂತು.

‘ಈಗ್ ಬ್ಯಾಡ ಕಣಮ್ಮಾ. ಕೂಸ್ಗೆ ದಡಾರದ ಇಂಜೆಕ್ಷನ್ ಬಾಕಿ ಅದೆ, ಇವ್ಳು ಹಿಡ್ಕೊಂಡ್ರೇನೇ ಅದು ಸುಮ್ಕಿರೋದು. ಹಿಂದ್ಗಡೆ ಶೆಡ್ನಲ್ಲಿ ಬಿಜಾಪುರದೋಳ್ ಒಬ್ಳು ಬಸ್ರಿ ಅವ್ಳೆ, ಅವ್ಳೂ ಈ ಕರಿಯವ್ವನೇ ಬರ್ಬೇಕು ಅಂತ ಕುಂತವ್ಳೆ. ಇನ್ನೊಂದ್ ಮಾತು. ಇವ್ಳು ಹೊತ್ ಹೊತ್ಗೆ ಸರಿಯಾಗ್ ಉಣ್ಣಲ್ಲ, ಸೊರ್ಗವ್ಳೆ. ನಾನ್ ಹೇಳುದ್ರೆ ಕೇಳಲ್ಲ. ಹೆತ್ತೋರು ನೀವಾದ್ರೂ ಒಸಿ ಬುದ್ಧಿ ಹೇಳಿ.’

ಹುಡುಗಿ ಇದನ್ನು ತಮ್ಮ ಭಾಷೆಗೆ ತಿರುಗಿಸುತ್ತಾ ಅರ್ಧಕ್ಕೇ ನಿಲ್ಲಿಸಿದ್ದು ನೋಡಿ ನಾನು, ‘ಏ, ಎಲ್ಲಾ ಹೇಳೇ, ಊಟದ ವಿಷ್ಯಾನೂ ಹೇಳು!’ ಎಂದು ಗದರಿದೆ. ಹೇಳಿದಳು. ಪರಿವೀಕ್ಷಕಿ ನಕ್ಕರು. ಬೆಳಿಗ್ಗೆಯಿಂದ ಅದೇ ಮೊದಲು. ಅಂಬಲಿಯನ್ನು ಪೂರಾ ಕುಡಿದು ಲೋಟ ಕೆಳಗಿಟ್ಟು, ಪೆನ್ನಿಗೆ ಕ್ಯಾಪ್ ಹಾಕಿ, ಅಜ್ಜಿಯ ಮುಖವನ್ನೇ ನೋಡುತ್ತಾ ತಮ್ಮ ಭಾಷೆಯಲ್ಲಿ ನಿಧಾನವಾಗಿ ಮಾತಾಡಿದರು. ಹುಡುಗಿ ಅಲುಗಾಡದೆ ಕೇಳುತ್ತಿದ್ದಳು.

‘ಏನಂದ್ರೇ?’ ಎಂದಳು ಅಜ್ಜಿ.

‘ಅಜ್ಜಿ... ಈಗ ಕರ್ಕೊಂಡ್ ಹೋಗಲ್ಲಂತೆ. ಓದು ಮುಗ್ಸಿ ಬಾ ಅಂತಾರೆ. ನಾವ್ ನಾಲ್ಕ್ ಜನ ಇಲ್ಲಿ ಓದಿದ್ದು ನಮ್ಮೂರಲ್ಲಿ ನಡೆಯುತ್ತಂತೆ. ಹಂಗೇ ಬರೀತಾರಂತೆ.’ ಕೂಸನ್ನು ಎತ್ತಿಕೊಂಡಳು. ‘ನಾನು ನರ್ಸೇ ಅಂತೆ ಅಜ್ಜಿ.’

ಕೂಸನ್ನು ಎದೆಗೆ ಅವಚಿಕೊಂಡು ಅವಳು ಅಳತೊಡಗಿದಳು. ಹೊಸ್ತಿಲ ಆಚೆ ನಿಂತಿದ್ದ ಪ್ರಿನ್ಸಿಪಾಲರು, ‘ಮೇಡಂ, ಏನಾಯ್ತು, ಏನಾಯ್ತು?’ ಎಂದು ನನ್ನ ತೋಳು ಅಲುಗಿಸುತ್ತಿದ್ದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅಜ್ಜಿಗೆ ಮಾತ್ರ ಈ ಅಳು ಅರ್ಥವಾಗಲಿಲ್ಲ. ಅವಳನ್ನು ನೋಡಿದಳು, ನನ್ನನ್ನು ನೋಡಿದಳು.

‘ಅಷ್ಟ್ ಹೇಳಾಕೆ ಅಷ್ಟ್ ದೂರದಿಂದ ಬರ್ಬೇಕಿತ್ತಾ?’ ಎಂದಳು. ‘ನಮ್ಮನ್ ಕೇಳಿದ್ರೆ ನಾವೇ ಹೇಳ್ತಿರ್ಲಿಲ್ವಾ?’